ಗೌರಿಯ ಮೂಗು

ಆಪರೇಷನ್ ಥಿಯೇಟರಿನ ಬಾಗಿಲು ಅರ್ಧ ತೆರೆದು ನರ್ಸ್ ತಲೆ ಹೊರಹಾಕಿದಳು. "ಗೌರಿ ಕಡೆಯವರು ಯಾರು? ಡಾಕ್ಟರ್ ಕೇಳ್ತಿದ್ದಾರೆ, ಮಗೂಗೆ ಮೂಗಿನ ಮೇಲೆ ಮೊದಲಿಂದ್ಲೂ ಸಣ್ಣ ಉಬ್ಬು ಇತ್ತಾ?"

"ಇಲ್ಲ," ಎಂದಳು ಗೌರಿಯ ತಾಯಿ ಕಡೆಯ ಅಜ್ಜಿ ಭದ್ರಮ್ಮ.

"ಇತ್ತು," ಎಂದಳು ಮಲತಾಯಿ ಮಹಾಲಕ್ಷ್ಮಿ.

ಹೋದ ವಾರ ಕುಂದಲಹಳ್ಳಿಯ ಅವರ ಬೀದಿಗೆ ನೀರಿನ ಟ್ಯಾಂಕರ್ ಬಂದಾಗ ಗೌರಿ ಯಾರೂ ಹೇಳದೆಯೇ ಬಿಂದಿಗೆ ಹಿಡಿದು ಓಡಿದ್ದಳು. ಎಡವಿ ಬಿದ್ದಳು, ಬಿಂದಿಗೆಯ ಬಾಯಿ ಬಡಿದು ಮೂಗಿನ ಮೂಳೆ ಮುರಿಯಿತು. ಸುದ್ದಿ ಭದ್ರಮ್ಮನ ಊರು ಸರ್ಜಾಪುರ ಮುಟ್ಟುವಷ್ಟರಲ್ಲಿ, ಮಲತಾಯಿಯೇ ನೀರಿಗೆ ಕಳಿಸಿದಳು ಎಂದಾಗಿತ್ತು. "ಹೆತ್ತೋಳು ಬದುಕಿದ್ರೆ ಇಷ್ಟುದ್ದ ಮಗೂನ ನೀರಿಗೆ ಕಳಿಸ್ತಿದ್ಲಾ? ಆಸ್ಪತ್ರೆಯಿಂದ ಸೀದಾ ನಮ್ಮೂರಿಗೇ ಕರ್ಕೊಂಡೋಗ್ತೀನಿ," ಎಂದೇ ಭದ್ರಮ್ಮ ಬಸ್ಸಿಳಿದಿದ್ದಳು. ಗೌರಿಯ ಅಪ್ಪ ಮುನೀಂದ್ರ ಅತ್ತೆಗೆ ಎದುರು ಮಾತಾಡುವವನಲ್ಲ. ಔಷಧಿ ತರುತ್ತೇನೆಂದು ಕೆಳಗಿಳಿದು ಹೋದವನು ಇನ್ನೂ ಬಂದಿರಲಿಲ್ಲ.

"ಯಾರಾದ್ರೂ ಒಬ್ರು ಸರಿಯಾಗಿ ಹೇಳಿ," ನರ್ಸ್ ಅವಸರ ಮಾಡಿದಳು. "ಸ್ಕ್ಯಾನ್ ಇಟ್ಟು ನೋಡ್ಕೊಂಡೇ ಡಾಕ್ಟರ್ ಮೂಳೆ ಎತ್ತಿ ಕೂರಿಸಿದ್ದಾರೆ. ಮುರಿದಿದ್ದು ಸರಿಯಾಗಿ ಕೂತಿದೆ. ಮೇಲ್ಗಡೆ ಒಂದು ಉಬ್ಬು ಮಾತ್ರ ಉಳಿದಿದೆ, ಊತದಲ್ಲಿ ಅದು ಏನಂತ ಸ್ಕ್ಯಾನಲ್ಲಿ ಸರಿಯಾಗಿ ಗೊತ್ತಾಗ್ತಿಲ್ಲ. ಬಿದ್ದು ಆಗಿದ್ರೆ ಒತ್ತಿ ಸರಿ ಮಾಡ್ಬೇಕು. ಹುಟ್ಟಿಂದ ಇದ್ರೆ ಮುಟ್ಬಾರ್ದು. ಫೋಟೋ ಏನಾದ್ರೂ ಇದ್ಯಾ?"

ಮಹಾಲಕ್ಷ್ಮಿ ಮೊಬೈಲಿನಲ್ಲಿದ್ದ ಸ್ಕೂಲಿನ ಫೋಟೋ ತೋರಿಸಿದಳು. ಎದುರಿನಿಂದ ತೆಗೆದದ್ದು, ಏನೂ ತಿಳಿಯುವಂತಿರಲಿಲ್ಲ.

"ಸಂಪಿಗೆ ಮೊಗ್ಗಿನಂಗೆ ನೆಟ್ಟಗಿತ್ತು ಕಣಮ್ಮ, ನಮ್ಮ ಮನೆ ಮೂಗು," ಭದ್ರಮ್ಮನ ದನಿ ಏರಿತು. "ಇವಳ ಮಾತು ಕೇಳ್ಬೇಡ. ಮಗು ಮೂಗು ಸೊಟ್ಟ ಆದ್ರೆ ಇವಳ ಗಂಟೇನೋಯ್ತದೆ?"

ಮಹಾಲಕ್ಷ್ಮಿ ಮೊಬೈಲನ್ನು ಕೆಳಗಿಳಿಸಿದಳು. ತನ್ನ ಮಾತು ತಪ್ಪಾದರೆ ಮಗು ಬದುಕಿರುವವರೆಗೂ ಅದನ್ನು ಮುಖದ ಮೇಲೆ ಹೊರಬೇಕು. ಬೀದಿಯವರಂತೂ ಮಲತಾಯಿ ಬೇಕೆಂದೇ ಹಾಗೆ ಹೇಳಿದಳು ಎನ್ನುತ್ತಾರೆ. 'ಗೊತ್ತಿಲ್ಲ' ಎಂದುಬಿಟ್ಟರೆ ಯಾರೂ ಏನೂ ಅನ್ನುವಂತಿಲ್ಲ. ಆದರೆ ಅವಳಿಗೆ ಗೊತ್ತಿತ್ತು.

"ಉಬ್ಬು ಇದೆ ಸಿಸ್ಟರ್," ಎಂದಳು. "ಎಡಗಡೆ, ಕಣ್ಣಿಗಿಂತ ಸ್ವಲ್ಪ ಕೆಳಗೆ. ನೋಡಿದ್ರೆ ಕಾಣಲ್ಲ. ಮುಖ ತೊಳೆಸಿ ಸೋಪಿನ ನೊರೆ ಒರೆಸ್ತೀನಲ್ಲ, ಆಗ ಬೆರಳಿಗೆ ಸಿಗುತ್ತೆ. ನಾನು ಆ ಮನೆಗೆ ಬಂದಾಗಿಂದ್ಲೂ ಸಿಗುತ್ತೆ."

ಬಾಗಿಲು ಮುಚ್ಚಿತು. ಭದ್ರಮ್ಮ ಎದ್ದು ಬೆಂಚಿನ ಆ ತುದಿಗೆ ಹೋಗಿ ಕೂತಳು. ಗೋಡೆಯಾಚೆ ಏನೋ ಬಿದ್ದ ಸದ್ದಾದರೂ ಮಹಾಲಕ್ಷ್ಮಿ ಬೆಚ್ಚಿ ಎದ್ದು ನಿಲ್ಲುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಡಾಕ್ಟರೇ ಮಾಸ್ಕ್ ಇಳಿಸಿಕೊಂಡು ಹೊರಬಂದರು. "ಎಡಗಡೆ ಅಂತ ಹೇಳಿದ್ದು ಯಾರು?"

"ನಾನು ಸಾರ್."

"ಸರಿಯಾಗೇ ಹೇಳಿದ್ರಿ. ನೀವು ಹೇಳಿದ ಜಾಗಕ್ಕೇ ಮತ್ತೆ ಸ್ಕ್ಯಾನ್ ಇಟ್ಟು ನೋಡ್ದೆ. ಅಲ್ಲಿ ಮೂಳೆ ಮುರಿದಿಲ್ಲ, ಹುಟ್ಟಿಂದ್ಲೇ ಹಾಗಿದೆ. ಒತ್ತೋಕೆ ಹೋಗಿಲ್ಲ. ಊತ ಇಳೀಲಿ, ಮೊದಲಿನ ಮೂಗೇ ಇರುತ್ತೆ."

ಮಹಾಲಕ್ಷ್ಮಿ ಬೆಂಚಿನ ಮೇಲೆ ಕೂತು ಸೆರಗನ್ನು ಬಾಯಿಗೊತ್ತಿಕೊಂಡಳು. ಮಗು ಬಿದ್ದ ದಿನದಿಂದ ತಡೆದಿದ್ದ ಅಳು ಈಗ ಬಂತು.

ಗೌರಿಯನ್ನು ವಾರ್ಡಿಗೆ ತಂದು ಮಲಗಿಸಿದರು. ಮೂಗಿನ ಮೇಲೆ ಬಿಳಿ ಪಟ್ಟಿ, ತುಟಿಯ ಮೇಲೆ ಒಣಗಿದ ರಕ್ತ. ಅರೆಮಂಪರಿನಲ್ಲಿ ನೀರು ಕೇಳಿದಳು. "ಈಗ್ಲೇ ಕೊಡ್ಬೇಡಿ. ರಾತ್ರಿ ಒಬ್ರೇ ಇರ್ಬೇಕು, ಯಾರಿರ್ತೀರಾ?" ಎಂದಳು ನರ್ಸ್.

ಭದ್ರಮ್ಮ ಮಹಾಲಕ್ಷ್ಮಿಯ ಕಡೆ ಗದ್ದದಿಂದಲೇ ಸನ್ನೆ ಮಾಡಿದಳು. ಆದರೆ ಹೊರಡಲಿಲ್ಲ. ಮಂಚದ ಪಕ್ಕ ಬಂದು ನಿಂತು, "ಎಲ್ಲಿತ್ತು ಅಂದೆ?" ಎಂದು ಮೆಲ್ಲಗೆ ಕೇಳಿದಳು.

ಮಹಾಲಕ್ಷ್ಮಿ ತನ್ನ ಮೂಗಿನ ಮೇಲೆಯೇ ಬೆರಳಿಟ್ಟು ತೋರಿಸಿದಳು.

ಮುದುಕಿ ಆ ಬೆರಳನ್ನೇ ನೋಡುತ್ತಾ ನಿಂತಳು. "ನನ್ ಮಗಳಿಗೂ ಅಲ್ಲೇ ಇತ್ತು ಕಣವ್ವ," ಎಂದಳು. "ನಾನು ಮರ್ತೇಬಿಟ್ಟಿದ್ದೆ."