ಎರಡೂವರೆ ಗೆರೆ

"ನೋಡು ತಂಗಿ, ಕಣ್ತುಂಬ ನೋಡು. ಮಾಡಿದ ಬಡಿಗ್ಯಾನ ಎದ್ದು ಬಂದ್ರೂ ಈಗ ಈ ಬಂಡಿ ಗುರ್ತು ಹಿಡಿಯಂಗಿಲ್ಲ!"

ಮಕ್ತಲಿನ ಬಡಿಗ ಮೋನಪ್ಪ ಮೀಸೆಯ ಮೇಲೆ ಕೈಯಾಡಿಸುತ್ತ ಹೀಗೆ ಹೇಳಿದ್ದು ಅವನ ಗ್ರಹಚಾರ. ಮರಳಲ್ಲಿ ಹೂತಿದ್ದ ಬಂಡಿಯೊಂದು ಇವನ ಅಂಗಳಕ್ಕೆ ಬಂದಿದೆ ಎಂದು ಸಂತೆಯಲ್ಲಿ ಕೇಳಿ, ಬಿಸಿಲಲ್ಲಿ ನಾಲ್ಕು ಹರದಾರಿ ನಡೆದು ಬಂದಿದ್ದ ವೀರಬಸಮ್ಮ ಕಂಕುಳಲ್ಲಿದ್ದ ಕೂಸನ್ನು ಬೇವಿನ ನೆರಳಿಗೆ ಇಳಿಸಿ ನೇರ ಬಂಡಿಯ ಮುಂದಕ್ಕೆ ಹೋದಳು. ಹೊಡೆಯುವವನು ಕೂರುವ ಜಾಗದಲ್ಲಿ, ಎಡಗಡೆಯ ಮರದ ಮೇಲೆ, ಕಣ್ಣು ಮುಚ್ಚಿ ಬೆರಳಾಡಿಸಿದಳು. ಒಂದು ಸಲವಲ್ಲ, ಹತ್ತು ಸಲ. ಮರ ನುಣ್ಣಗಿತ್ತು.

"ಇಲ್ಲಿ ಗೆರಿ ಇದ್ವೇನ್ರಿ?"

"ಎಂಥಾ ಗೆರಿ?"

"ಕುಡುಗೋಲಿಲೆ ಕೊರದಿದ್ದು. ನಮ್ಮ ಬಂಡಿ ಆಗಿದ್ರ ಎರಡೂವರಿ ಗೆರಿ ಇರಬೇಕ್ರಿ."

ಮೋನಪ್ಪನ ಕೈ ಮೀಸೆಯಿಂದ ಇಳಿಯಿತು. ಈ ಬಂಡಿಯ ಹಿಂದೆ ಏನೋ ಇದೆಯೆಂದು ಅವನಿಗೆ ಅನ್ನಿಸಿರಲಿಲ್ಲವೆಂದಲ್ಲ, ಕೇಳುವ ಗೋಜಿಗೆ ಹೋಗಿರಲಿಲ್ಲ, ಅಷ್ಟೆ. ಕೃಷ್ಣೆಗೆ ಸೇರುವ ಹಳ್ಳದ ಮರಳಲ್ಲಿ ಬಿದ್ದಿದ್ದ ಅದನ್ನು ಬೀರಲಿಂಗಪ್ಪನೆಂಬ ರೈತ ಅಗೆದು ತಂದು, "ಹಳೇ ಗುರ್ತು ಒಂದೂ ಉಳೀಬಾರ್ದು ನೋಡು ಮಾವ, ನಾಳಿ ಯಾರರ ಬಂದು ನಂದು ಅಂದಾರು" ಎಂದಿದ್ದ. ಮೋನಪ್ಪ ಮಾತು ಉಳಿಸಿಕೊಂಡ. ಗಾಲಿಯ ಕೊಳೆತ ಅರೆಕಾಲುಗಳನ್ನು ಕಿತ್ತು ಹೊಸವನ್ನು ಕೂಡಿಸಿದ. ಉಳಿದ ಮರವನ್ನೆಲ್ಲ ಬಾಚಿಯಿಂದ ಕೆತ್ತಿ ಉಜ್ಜುಗೊರಡು ಹೊಡೆದ. ಹಳೆಯ ಕಟ್ಟಿಗೆ, ಕೆತ್ತಿದ ಚಕ್ಕೆ ಎಲ್ಲವನ್ನೂ ಸಗಣಿಯ ಕುಳ್ಳಿನ ಜೊತೆ ಸುರಿದು, ಆ ಬೆಂಕಿಯಲ್ಲೇ ಕಬ್ಬಿಣದ ಹಳಿ ಕಾಯಿಸಿ ಗಾಲಿಗೆ ತೊಡಿಸಿದ. ಮೊನ್ನೆಯಷ್ಟೇ.

ಹೋದ ವರ್ಷಕ್ಕೂ ಹಿಂದಿನ ವರ್ಷದ ಮುಂಗಾರಿನಲ್ಲಿ ಊರೂರು ತಿರುಗಲು ಬಂದ ಸಾಹೇಬರೊಬ್ಬರ ಡೇರೆ, ಮಂಚ, ಕೋಳಿಪಂಜರ ಸಾಗಿಸಲು ವೀರಬಸಮ್ಮನ ಊರಿನಿಂದ ಆರು ಬಂಡಿಗಳನ್ನು ವೆಟ್ಟಿಗೆ ಹಿಡಿದಿದ್ದರು. ಬಿಟ್ಟಿ ಬಂಡಿ, ಬಿಟ್ಟಿ ಎತ್ತು, ಬಿಟ್ಟಿ ಮನುಷ್ಯ. ತಿರುಗಿ ಬಂದದ್ದು ನಾಲ್ಕು. ಬಾರದೆ ಹೋದದ್ದು ಅವಳ ಗಂಡ ತಾಯಪ್ಪನದು, ಪಕ್ಕದ ಮನೆಯ ಎಂಕಪ್ಪನದು. ಆ ಜಡಿಮಳೆಯಲ್ಲಿ ಯಾರು ಯಾರನ್ನು ನೋಡಿದರು? ಜೊತೆಗಿದ್ದ ಚಪರಾಸಿ ಕಚೇರಿಯಲ್ಲಿ ಬರೆಸಿದ್ದು ಇಷ್ಟೇ: ಒಬ್ಬ ಎತ್ತು-ಬಂಡಿ ಸಮೇತ ಹಳ್ಳದ ಪಾಲು, ಇನ್ನೊಬ್ಬ ಬಂಡಿ ಹೊಡೆದುಕೊಂಡು ಗಡಿಯಾಚೆಯ ಕುಂಪಣಿ ಸೀಮೆಯ ಕಡೆಗೆ ಫರಾರಿ. ಯಾರು ಮುಳುಗಿದ, ಯಾರು ಓಡಿಹೋದ ಎಂಬುದನ್ನು ಬರೆಸಲಿಲ್ಲ. ವೆಟ್ಟಿ ಆಳಿಗೆ ಹೆಸರು ಬೇರೆ ಕೇಡು!

"ಕೂಸು ಹುಟ್ಟಿದಾಗೊಮ್ಮೆ ಒಂದು ಗೆರಿ ಕೊರೀತಿದ್ದ" ಎಂದಳು ವೀರಬಸಮ್ಮ. "ಅವತ್ತು ಬಂಡಿ ಹೂಡೋ ಮುಂದ, ಮೂರನೇದು ಹೊಟ್ಯಾಗ ಐತಿ ಅಂದೆ. ನಕ್ಕೊಂತ ಅರ್ಧ ಕೊರದ. ಉಳಿದರ್ಧ ಹಡೆದ ಮ್ಯಾಲ ಅಂದ."

ಆ ಮೂರನೆಯದು ನೆರಳಿನಿಂದ ತಪ್ಪುಹೆಜ್ಜೆ ಇಡುತ್ತ ಬಂದು, ಹಳಿ ಕಾಯಿಸಿದ ಕುಣಿಯ ಬೂದಿಯಲ್ಲಿ ಎರಡೂ ಕೈ ಅದ್ದಿ ಆಡುತ್ತಿತ್ತು. ಮೋನಪ್ಪನಿಗೆ ಆ ಕಡೆ ನೋಡಲಾಗಲಿಲ್ಲ.

"ನೆನಪು ಮಾಡ್ಕೋರಿ ಯಪ್ಪಾ, ನಿಮ್ಮ ಕಾಲು ಬೀಳ್ತೀನಿ. ಗೆರಿ ಇದ್ವು ಅಂದ್ರ ನನ್ನ ಗಂಡ ಸತ್ತಾನ. ಇರಲಿಲ್ಲ ಅಂದ್ರ ಎಂಕಪ್ಪ ಸತ್ತಾನ, ನನ್ನವ ಎಲ್ಲೋ ಉಂಡ್ಕೊಂಡು ಅದಾನ. ಎರಡು ವರ್ಷ ಆಗಾಕ ಬಂತು. ಎಂಕಪ್ಪನ ಹೇಣ್ತಿ ಪೆಂಟಮ್ಮ ದಿನಾ ನನ್ನ ಕೈಯಾಗಿನ ಬಳಿ ನೋಡತಾಳ, ನಾ ಆಕಿ ಬಳಿ ನೋಡತೀನಿ."

ಮೋನಪ್ಪ ತಲೆ ಕೆರೆದುಕೊಂಡ. ಕಚ್ಚುಗಳೇನೋ ಇದ್ದವು. ಯಾವ ಹಳೆಯ ಬಂಡಿಗೆ ಕಚ್ಚಿರುವುದಿಲ್ಲ? ಎಲ್ಲಿದ್ದವು, ಎಷ್ಟಿದ್ದವು, ಯಾವನು ಎಣಿಸಿದ್ದ! 'ಇರಲಿಲ್ಲವ್ವ' ಎಂದುಬಿಟ್ಟರೆ ಈ ಹೆಂಗಸು ನಗುತ್ತ ಮನೆಗೆ ಹೋದಾಳು ಎಂಬ ಆಸೆ ನಾಲಿಗೆಯ ತುದಿಗೆ ಬಂತು. ಆದರೆ ಆ ಇನ್ನೊಬ್ಬಳು?

"ನೆನಪಾಗವಲ್ದು ತಂಗಿ" ಎಂದ ಕೊನೆಗೆ. "ಕೆತ್ತಿ ಸುಟ್ಟುಬಿಟ್ಟೆ. ಈ ಕೈ ಸೇದಿಹೋಗಲಿ."

ವೀರಬಸಮ್ಮ ಬಯ್ದಿದ್ದರೆ ಮೋನಪ್ಪ ಬದುಕಿಕೊಳ್ಳುತ್ತಿದ್ದ. ಅವಳು ಹೊಸ ಗಾಲಿಯ ಪಕ್ಕದಲ್ಲಿ ಕುಕ್ಕರಿಸಿ, ಎರಡೂ ಕೈ ಮುಂದೆ ಚಾಚಿ, ಹಸಿರು ಬಳೆಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎಡಗೈ ಎತ್ತಿ ಕಬ್ಬಿಣದ ಹಳಿಗೆ ಅಪ್ಪಳಿಸಿದಳು.

"ಯವ್ವಾ! ಏನು ಮಾಡಿದಿ ಇದು!"

"ಸತ್ತಾಂವ ಒಬ್ಬ, ಕಾಯ್ಕೊಂತ ಕುಂತವರು ಇಬ್ಬರು" ಎಂದಳು, ಮುಂಗೈಯ ರಕ್ತ ಸೆರಗಿನಿಂದ ಒರೆಸುತ್ತ. "ನನ್ನ ಪಾಲಿಂದು ನಾ ಒಡಕೊಂಡೆ. ಉಳಿದ ಒಂದು ಕೈ ಪೆಂಟಮ್ಮಂದು, ಆಕಿ ತನ್ನ ಎಡಗೈ ಬಳಿ ಒಡಕೊಳ್ಳಲಿ. ಹೋಗಿ ಹೇಳ್ತೀನಿ."

ಬೂದಿಯಲ್ಲಿ ಆಡುತ್ತಿದ್ದ ಕೂಸನ್ನು ಎತ್ತಿ ಎಡಗಡೆಯ ಕಂಕುಳಿಗೆ ಏರಿಸಿಕೊಂಡು ಬಂದ ದಾರಿ ಹಿಡಿದಳು. ಅವಳು ಬೀಸಿಕೊಂಡು ನಡೆದ ಬಲಗೈಯ ಬಳೆಗಳ ಸದ್ದು ಓಣಿಯ ತಿರುವಿನ ತನಕ ಮೋನಪ್ಪನಿಗೆ ಕೇಳಿಸುತ್ತಲೇ ಇತ್ತು.