ಐದನೇ ಬೀಗ

ಬೀಗ ಬೆಣ್ಣೆಯಿಂದ ಕೂದಲೆಳೆದಷ್ಟು ನಯವಾಗಿ ತೆರೆದುಕೊಂಡಿತು. ಎದುರಿಗಿದ್ದ ಕಡಲನ್ನು ತಾವೇ ತೋಡಿ ಕೊಡದಲ್ಲಿ ನೀರು ಹೊತ್ತು ತುಂಬಿಸಿದವರಂತೆ ಹಲ್ಲಿನ ಡಾಕ್ಟರು ಎದೆಯುಬ್ಬಿಸಿ, "ಬನ್ನಿ ಭಾವ, ನಿಮ್ಮದೇ ಮನೆ ಅಂದ್ಕೊಳ್ಳಿ" ಎಂದರು. ಅಂದುಕೊಂಡರೆ ಸಾಲದು. ಅಕ್ಕನ ಗಂಡ ಇವತ್ತೇ ಇದನ್ನು ಕೊಂಡೇಬಿಡಬೇಕು. ಇಲ್ಲವಾದರೆ ಮನೆಯ ರಿಪೇರಿಗೆ ಡಾಕ್ಟರು ಕ್ಲಿನಿಕ್ಕನ್ನೇ ಮಾರಬೇಕಿತ್ತು.

ಭಾವನದು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬೀಗ ರಿಪೇರಿಯ ಅಂಗಡಿ. ಮನೆಯಲ್ಲೇ ಕೂತು ಕಡಲು ನೋಡಬೇಕೆಂಬ ಹೆಂಡತಿಯ ಆಸೆಗಾಗಿ ಓಣಿಯ ಮನೆ ಮಾರಲು ಹೊರಟಿದ್ದ ಪಾಪದ ಮನುಷ್ಯ. ಇಂಥವರಿಗೆ ಮರಗಟ್ಟುವ ಇಂಜೆಕ್ಷನ್ನೂ ಕೊಡದೆ ಹಲ್ಲು ಕಿತ್ತು ಕೈಗಿಡಬಹುದೆಂದು ಡಾಕ್ಟರ ಅಂದಾಜು.

ಆದರೆ ಭಾವ ಕಡಲ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲ ಮುಂದೆಯೇ ಕುಕ್ಕರಗಾಲಲ್ಲಿ ಕೂತು ಬೀಗದ ಸುತ್ತ ಉಗುರಾಡಿಸಿದರು.

"ಬೀಗ ನಿನ್ನೆ ಹಾಕಿಸಿದ್ದಾ, ಡಾಕ್ಟ್ರೇ?"

"ಛೆ ಛೆ! ಆರು ವರ್ಷದ್ದು. ಹೆಂಗೆ ಫಳಫಳ ಅಂತಿದೆ ನೋಡಿ!"

"ಮತ್ತೆ ಸುತ್ತ ಹದಿನಾರು ಸ್ಕ್ರೂ ತೂತು ಮುಚ್ಚಿದೀರಲ್ಲ? ಬೀಗಕ್ಕೆ ನಾಲ್ಕರಂತೆ ನಾಲ್ಕು ಬೀಗ ಕಿತ್ತು ಎಸೆದ ಲೆಕ್ಕ ಅದು." ಭಾವ ಬೆರಳಿನಿಂದ ತುಟಿ ಸರಿಸಿ ದವಡೆ ತೋರಿಸಿದರು. "ತುಂಬಿರೋದು ಹಲ್ಲಿನ ಸಿಮೆಂಟು. ಇದೇ ಬಣ್ಣದ್ದು ಇಲ್ಲೂ ಇದೆ, ನೀವೇ ತುಂಬಿದ್ದು."

"ಸಮುದ್ರದ ಗಾಳಿ ಅಂದ್ಮೇಲೆ ಒಂಚೂರು ಉಪ್ಪು ಇರುತ್ತೆ, ಭಾವ..."

ಆ ಒಂಚೂರು ಉಪ್ಪು ಆರು ವರ್ಷದಲ್ಲಿ ಮೂರು ಫ್ರಿಜ್ಜು, ಏಳು ಫ್ಯಾನು ಮತ್ತು ಆನೆ ಗುದ್ದಿದರೂ ಅಲುಗದಂಥ ಒಂದು ಗೇಟನ್ನು ತಿಂದು ತೇಗಿತ್ತು. ವಿಮೆಯವರು ಅಲೆಗಳ ಕಡೆ ಒಮ್ಮೆ ನೋಡಿ ಕಂತಿನ ಮೊತ್ತ ಹೇಳಿದ ದಿನ ಡಾಕ್ಟರ ಬಾಯಿ ಅವರ ಯಾವ ರೋಗಿಯೂ ತೆರೆಯದಷ್ಟು ಅಗಲ ತೆರೆದಿತ್ತು. ಕೊಳ್ಳುವಾಗ ಮಹಾಶಯರು ಮನೆಯ ಬೆಲೆಯನ್ನು ಚೌಕಾಸಿ ಮಾಡಿ ಗೆದ್ದಿದ್ದರು. ಕಡಲಿಗೆ ಬೇರೆ ಬೆಲೆಯುಂಟೇ ಎಂದು ಕೇಳುವ ಬುದ್ಧಿ ಮಾತ್ರ ಓಡಿರಲಿಲ್ಲ.

ಹಜಾರದಲ್ಲಿ ಸೋಫಾ, ಟೀವಿ ಎಲ್ಲವೂ ಪ್ಲಾಸ್ಟಿಕ್ ಹಾಳೆ ಹೊದ್ದು ಮಲಗಿದ್ದವು. ಕಡಲ ಕಡೆಯ ಕಿಟಕಿಯ ಗಾಜು ಸುಣ್ಣ ಬಳಿದಷ್ಟು ಬೆಳ್ಳಗಾಗಿತ್ತು. ಭಾವ ಚಿಲಕ ಜಗ್ಗಿದರು. ಕಿಟಕಿ ತೆರೆಯಲಿಲ್ಲ, ಚಿಲಕವೇ ಕೈಗೆ ಬಂತು.

"ಗಾಳಿ ಜಾಸ್ತಿ ಅಂತ ಭದ್ರವಾಗಿ ಹಾಕಿದ್ದೆ" ಎಂದು ಡಾಕ್ಟರು ನಕ್ಕರು. ನಕ್ಕವರು ಅವರೊಬ್ಬರೇ.

ಪಾತ್ರೆಯ ಸದ್ದು ಹಿಡಿದು ಭಾವ ಹಿಂದಿನ ಅಡುಗೆಮನೆಗೆ ನಡೆದರು. ಡಾಕ್ಟರ ಇಡೀ ಸಂಸಾರ ಅಲ್ಲಿತ್ತು: ಮಂಚ, ಮಕ್ಕಳ ಪುಸ್ತಕ, ಮಡಚಿಟ್ಟ ಬಟ್ಟೆಯ ರಾಶಿ. ಇದ್ದ ಒಂದೇ ಕಿಟಕಿಗೆ ಎದುರು ಪಕ್ಕದ ಮನೆಯ ಗೋಡೆ. ಒಲೆಯ ಮುಂದೆ ಡಾಕ್ಟರ ಹೆಂಡತಿ, ಪಕ್ಕದ ಗೋಡೆಯಲ್ಲೊಂದು ಕ್ಯಾಲೆಂಡರು. ಅದರಲ್ಲಿ ನೀಲಿ ಕಡಲು.

"ಏನಮ್ಮಾ, ಬಾಗಿಲಲ್ಲೇ ಅಷ್ಟು ದೊಡ್ಡ ಕಡಲಿಟ್ಕೊಂಡು ಇದ್ಯಾಕೆ?"

ಡಾಕ್ಟರು ಹಿಂದಿನಿಂದ ಕಣ್ಸನ್ನೆ ಮಾಡಿದರು. ಹೆಂಡತಿ ಅದನ್ನು ನೋಡಿಯೇ ಹೇಳಿದಳು: "ನಾವು ಕಡಲು ನೋಡೋದು ಇದ್ರಲ್ಲೇ, ಅಣ್ಣ. ವರ್ಷಕ್ಕೆರಡು ಸಲ ಬಣ್ಣ ಬಳಿಸ್ತೀವಲ್ಲ, ಬಣ್ಣದ ಅಂಗಡಿಯೋರು ಪುಕ್ಕಟೆ ಕೊಟ್ರು."

ಭಾವ ಮೊಳೆಯಿಂದ ಕ್ಯಾಲೆಂಡರನ್ನು ಮೆಲ್ಲಗೆ ಬಿಡಿಸಿ, ಸುರುಳಿ ಸುತ್ತಿ, ಕಂಕುಳಲ್ಲಿಟ್ಟುಕೊಂಡರು.

"ಇದನ್ನೇ ಒಯ್ತೀನಿ, ಡಾಕ್ಟ್ರೇ. ನಿಮ್ಮಕ್ಕ ಕೇಳಿದ್ದು ಕಡಲು ತಾನೇ?"