ಗಾಜಿನ ಬಟ್ಟಲಿನ ಪಾಸ್ತಾ

"ಅದೇನಮ್ಮ, ಆ ಹಸಿರು ಪುಡಿ?" ಎಂದು ಯಶೋದಮ್ಮ ಕೇಳಿದಾಗ ಲತಾಳ ಕೈ ಗಾಜಿನ ಬಟ್ಟಲಿನ ಮೇಲೆಯೇ ನಿಂತಿತು.

"ಓರೆಗಾನೊ ಅಂತ. ಪಿಜ್ಜಾ ಜೊತೆ ಸಣ್ಣ ಪ್ಯಾಕೆಟ್ ಕೊಡ್ತಾರಲ್ಲ, ಅದೇ. ಬೇಡ ಅಂದ್ರೆ ಬಿಟ್ಬಿಡ್ತೀನಿ."

"ನಾನ್ಯಾಕೆ ಬೇಡ ಅನ್ಲಿ? ಸುಮ್ನೆ ಕೇಳ್ದೆ." ಯಶೋದಮ್ಮ ಪ್ಯಾಕೆಟ್ ತೆಗೆದುಕೊಂಡು ಮೂಸಿದರು, ಹಿಂದೆ ಮುಂದೆ ತಿರುಗಿಸಿದರು, ಕನ್ನಡಕ ಮೇಲೆತ್ತಿ ಅದರ ತಾರೀಖನ್ನೂ ಓದಿದರು. ಸುಮ್ಮನೆ ಕೇಳುವವರು ಇಷ್ಟೆಲ್ಲ ಓದುವುದಿಲ್ಲ.

ಇವರಿಬ್ಬರು ಅಡುಗೆಮನೆಯಲ್ಲಿದ್ದರೆ, ಮಾರೇನಹಳ್ಳಿಯ ಲತಾಳ ಆ ಮನೆಯ ಟೆರೇಸಿನಲ್ಲಿ, ಏಪ್ರಿಲ್ ಬಿಸಿಲಿಗೆ ಹಾಕಿದ್ದ ಶಾಮಿಯಾನದ ಕೆಳಗೆ ಎರಡೂ ಕಡೆಯ ನೆಂಟರು ಕೂತಿದ್ದರು. ಲತಾಳ ಮಗಳು ಬಿಂದುಶ್ರೀಯನ್ನು ಯಶೋದಮ್ಮನ ಮಗ ಸಮರ್ಥ ಒಪ್ಪಿ ಆಗಿತ್ತು. ಬಾಕಿ ಇದ್ದದ್ದು ಯಶೋದಮ್ಮ ಈ ಮನೆಯಲ್ಲಿ ಏನಾದರೂ ಬಾಯಿಗೆ ಹಾಕಿಕೊಳ್ಳುವುದು ಮಾತ್ರ. ಮೊದಲ ಸಲ ಬಂದಾಗ ಒಪ್ಪೊತ್ತು ಎಂದಿದ್ದರು, ಎರಡನೆಯ ಸಲ ಶುಗರ್ ಎಂದಿದ್ದರು, ಮೂರನೆಯ ಸಲ ತಾವೇ ತಂದ ಬಾಟಲಿಯ ನೀರು ಕುಡಿದು ಎದ್ದಿದ್ದರು. ತುತ್ತು ಉಣ್ಣಲಾಗದ ಮನೆಯಿಂದ ಸೊಸೆ ತರುವುದುಂಟೇ?

ಕಾರಣ ಲತಾಳಿಗೆ ಗೊತ್ತಿತ್ತು. ಲಗ್ಗೆರೆಯಲ್ಲಿ ಇನ್ನೂ ರಾಗಿ ಹೊಲಗಳಿದ್ದ ಕಾಲದಿಂದ ಅವಳ ತಾಯಿ ಅಕ್ಕಯ್ಯಮ್ಮನ ಮನೆಗೆ ಮದ್ದಿಕ್ಕುವ ಮನೆ ಎಂಬ ಹೆಸರು. ಊಟದಲ್ಲಿ ಒಂದು ಚಿಟಿಕೆ ಏನೋ ಬೆರೆಸಿಬಿಟ್ಟರೆ ಉಂಡವರು ಆರು ತಿಂಗಳಲ್ಲಿ ಸೊರಗಿ ಹೋಗುತ್ತಾರಂತೆ. ಇಕ್ಕಿದ್ದನ್ನು ಕಂಡವರು ಯಾರೂ ಇಲ್ಲ, ಆದರೆ ಎಲ್ಲರಿಗೂ ಗೊತ್ತು. ಹೊಲ ಸೈಟಾಗಿ, ಸೈಟು ಬಿಲ್ಡಿಂಗಾಗಿ, ಲತಾ ಮದುವೆಯಾಗಿ ಮಾರೇನಹಳ್ಳಿಗೆ ಬಂದರೂ ಆ ಮಾತು ಬೆನ್ನು ಬಿಡಲಿಲ್ಲ. ಹುಟ್ಟುಹಬ್ಬಕ್ಕೆಂದು ತಾನು ಸ್ಕೂಲಿನಲ್ಲಿ ಹಂಚಿದ್ದ ಕೊಬ್ಬರಿ ಮಿಠಾಯಿ ಅಷ್ಟೂ ಮೋರಿಯಲ್ಲಿ ಬಿದ್ದಿದ್ದನ್ನು ಅವಳು ಮರೆತಿರಲಿಲ್ಲ.

ಪಾಸ್ತಾ ಸಲಾಡ್ ಬಿಂದುಶ್ರೀಯ ಉಪಾಯ. "ಸಾರು, ಪಾಯಸ ಅಂದ್ರೆ ಒಳಗೇನಿದೆ ಅಂತ ಕಾಣಲ್ಲಮ್ಮ. ಇದ್ರಲ್ಲಿ ಎಲ್ಲಾ ಬಿಡಿಬಿಡಿಯಾಗಿ ಕಾಣತ್ತೆ. ಅವ್ರ ಎದುರಿಗೇ ಮಾಡು," ಎಂದಿದ್ದಳು. ಅದಕ್ಕೇ ಗಾಜಿನ ಬಟ್ಟಲು, ಅದಕ್ಕೇ ಅಡುಗೆಮನೆಯಲ್ಲಿ ಯಶೋದಮ್ಮನಿಗೊಂದು ಕುರ್ಚಿ. ಬೆಂದು ತಣ್ಣಗಾದ ಪಾಸ್ತಾದ ಮೇಲೆ ಬಾದಾಮಿ ಮಾವಿನ ಹೋಳು, ಕಪ್ಪು ದ್ರಾಕ್ಷಿ, ಸೌತೆಕಾಯಿ, ಹುರಿದ ಕಡಲೆಬೀಜ ಬಿದ್ದವು. ಜೇನುತುಪ್ಪಕ್ಕೆ ನಿಂಬೆರಸ, ಹೆಚ್ಚಿದ ಹಸಿಮೆಣಸಿನಕಾಯಿ ಕಲಸಿ ಲತಾ ಮೇಲಿನಿಂದ ಸುರಿದಳು.

"ಸಿಹಿನೂ ಖಾರನೂ ಒಂದರಲ್ಲೇನಾ?"

"ಹೂಂ, ಇದನ್ನ ಹಿಂಗೇ ಮಾಡೋದಂತೆ. ಬೇಸಿಗೇಲಿ ಚೆನ್ನಾಗಿರತ್ತೆ."

"ಇಷ್ಟೊಂದು ರುಚಿ ಮಧ್ಯೆ ಇನ್ನೊಂದು ಬಿದ್ರೂ ಗೊತ್ತಾಗಲ್ಲ ಬಿಡಿ," ಎಂದು ಯಶೋದಮ್ಮ ನಕ್ಕರು. ಲತಾಳೂ ನಗಬೇಕಾಯಿತು. ನಗುತ್ತಲೇ ಒಂದು ಚಮಚ ತೆಗೆದುಕೊಂಡು ಬಟ್ಟಲಿನ ನಡುವಿನಿಂದ ತಿಂದಳು. ಯಶೋದಮ್ಮನ ಕಣ್ಣು ಅವಳ ಗಂಟಲ ಮೇಲೆಯೇ ಇತ್ತು.

"ಆ ಕಡೆದು?"

ಆ ಕಡೆಯದನ್ನೂ ತಿಂದಳು. ಕೇಳುವ ಮೊದಲೇ ಈ ಕಡೆಯದನ್ನೂ ತಿಂದಳು. ಅವಮಾನದಿಂದ ಅವಳ ಕಿವಿ ಕೆಂಪಾಗಿತ್ತು. ಅದನ್ನು ಕಂಡೋ ಏನೋ ಯಶೋದಮ್ಮನ ಮುಖ ಮೆತ್ತಗಾಯಿತು.

"ಬೇಜಾರು ಮಾಡ್ಕೋಬೇಡಿ ಕಣಮ್ಮ. ಯಾರ್ಯಾರೋ ಏನೇನೋ ತಲೆಗೆ ತುಂಬ್ತಾರೆ. ಸಮರ್ಥ ದಿನಾ ಬೈತಾನೆ ನಂಗೆ. ಕೊಡಿ, ಒಂದು ಪ್ಲೇಟಿಗೆ ಹಾಕಿ ಕೊಡಿ." ಯಶೋದಮ್ಮ ತಟ್ಟೆ ಮುಂದೆ ಹಿಡಿದರು. ಲತಾಳ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು. ಬೀಗರು ಹೋಗುವ ತನಕ ಟಿ.ವಿ. ನೋಡುತ್ತಾ ಒಳಗೇ ಇರಮ್ಮ ಎಂದು ಲತಾ ಬೇಡಿಕೊಂಡಿದ್ದರೂ, ಈಗ ಮಗಳ ಮನೆಯಲ್ಲೇ ಇದ್ದ ಅಕ್ಕಯ್ಯಮ್ಮ ಎದ್ದು ಬಂದಿದ್ದರು. ಯಾರನ್ನೂ ಕೇಳದೆ ಬಟ್ಟಲಿನಿಂದ ಒಂದು ಪಾಸ್ತಾ ಎತ್ತಿ ಬಾಯಿಗೆ ಹಾಕಿಕೊಂಡರು. "ಸಪ್ಪೆ ಕಣೇ ಲತಾ," ಎಂದು ಗೂಡಿನ ಕಡೆ ತಿರುಗಿ, ಇಬ್ಬರಿಗೂ ಬೆನ್ನು ಹಾಕಿ ಏನನ್ನೋ ತೆಗೆದುಕೊಂಡರು. ಮತ್ತೆ ತಿರುಗಿದಾಗ ಅವರ ಬಲಗೈ ಮುಷ್ಟಿಯಾಗಿತ್ತು. ಆ ಮುಷ್ಟಿ ನೇರ ಬಟ್ಟಲಿನ ಮೇಲಕ್ಕೆ ಬಂತು.

ಲತಾ ಫಕ್ಕನೆ ತಾಯಿಯ ಮಣಿಕಟ್ಟು ಹಿಡಿದಳು.

ಯೋಚಿಸಿ ಹಿಡಿದದ್ದಲ್ಲ. ಈ ಕೈಯ ಪರವಾಗಿ ಅವಳು ನಲವತ್ತು ವರ್ಷ ಬೀದಿಯವರ ಜೊತೆ ಜಗಳವಾಡಿದ್ದಳು, ಈ ಕೈಯ ಊಟ ಉಂಡೇ ಬೆಳೆದಿದ್ದಳು. ಆದರೂ ಆ ಕ್ಷಣ ಅವಳಿಗಾದದ್ದು ಯಶೋದಮ್ಮ ಏನಂದುಕೊಂಡಾರೋ ಎಂಬ ಹೆದರಿಕೆಯಲ್ಲ. ಮುಷ್ಟಿಯೊಳಗೆ ಏನಿದೆಯೋ ಎಂಬ ಹೆದರಿಕೆ.

"ಬಿಡೇ," ಎಂದು ಅಕ್ಕಯ್ಯಮ್ಮ ಬೆರಳು ಬಿಚ್ಚಿದರು. ಅಂಗೈಯಲ್ಲಿ ಕಲ್ಲುಪ್ಪು ಇತ್ತು.

ಯಶೋದಮ್ಮ ಆಗಲೇ ಖಾಲಿ ತಟ್ಟೆಯನ್ನು ಕಟ್ಟೆಯ ಮೇಲೆ ಇಟ್ಟಾಗಿತ್ತು. "ಊರೋರ ಮಾತು ನಾನು ಪೂರ್ತಿ ನಂಬಿರಲಿಲ್ಲ ಕಣಮ್ಮ," ಎಂದರು, ಸೆರಗು ಸರಿಮಾಡಿಕೊಳ್ಳುತ್ತಾ. "ಹೆತ್ತ ಮಗಳೇ ಕೈ ಹಿಡಿದ ಮೇಲೆ ಇನ್ನೇನಿದೆ." ಮೆಟ್ಟಿಲ ಕಡೆ ಹೋಗಿ, ಮೇಲಿದ್ದ ಸಮರ್ಥನನ್ನು ಹೊರಡೋಣ ಬಾರೋ ಎಂದು ಕರೆದರು.

ಲತಾ ಈಗ ಕೈ ಬಿಟ್ಟಳು. ಅಕ್ಕಯ್ಯಮ್ಮ ಮಗಳ ಮುಖವನ್ನೇ ನೋಡುತ್ತಾ ಅಂಗೈಯಲ್ಲಿದ್ದ ಉಪ್ಪನ್ನಷ್ಟೂ ತಮ್ಮ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದರು.